ಭುಜ ತಟ್ಟಿದ ಕೈ

"ಇನ್ನೊಂದು ಸಲ ಬಿಗಿದು ತೋರಿಸಿ, ಮೇಸ್ತ್ರಿ," ಎಂದಳು ಟಾರ್ಚಕ್ಕ.

ಮೇಸ್ತ್ರಿ ಅವಳ ಬಾಯಿಯನ್ನೇ ನೋಡುತ್ತ ನಿಂತರು. ಮಾತು ಮುಗಿದ ಮೇಲೂ ಒಂದು ಗಳಿಗೆ ನೋಡಿದರು. ಆಮೇಲೆ ತಲೆಯಾಡಿಸಿ, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಗೋಡೆಯ ಕಪಾಟಿನಿಂದ ಟಾರ್ಕ್ ರೆಂಚನ್ನು ಇಳಿಸಿದರು. ತೊಟ್ಟಿಲಲ್ಲಿ ಮಲಗಿದ ಮಗುವನ್ನು ಎತ್ತಿಕೊಂಡ ಹಾಗಿತ್ತು ಅವರು ಅದನ್ನು ಎತ್ತಿಕೊಂಡ ರೀತಿ.

ಮೇಜಿನ ಮೇಲೆ ಹಳೆಯ ಎಂಜಿನ್ ಒಂದನ್ನು ಕೂರಿಸಿದ್ದರು. ಸುಟ್ಟುಹೋದ ಬ್ರೆಡ್ ಗಾಡಿಯದೇ ಜಾತಿಯದು. ಅದರ ನೆತ್ತಿಯ ಮೇಲೆ ಅಡ್ಡಲಾಗಿ ಪೆಟ್ರೋಲ್ ಹಾಯುವ ಕೊಳವೆ, ಆ ಕೊಳವೆಯನ್ನು ಹಿಡಿದಿಡಲು ಮೂರು ಬೋಲ್ಟು. ಹೆಚ್ಚು ಬಿಗಿದರೆ ಬೋಲ್ಟಿನ ಕುತ್ತಿಗೆಯೇ ಮುರಿಯುತ್ತದೆ. ಕಡಿಮೆ ಬಿಗಿದರೆ ಕೊಳವೆ ಅಲುಗಾಡಿ, ಕೆಳಗಿನ ರಬ್ಬರ್ ಉಂಗುರದ ಸಂದಿಯಿಂದ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮ್ಮುತ್ತದೆ.

ಬ್ರೆಡ್ ಗಾಡಿಯಲ್ಲಿ ಕಡಿಮೆಯಾಗಿತ್ತು. ರಿಪೇರಿ ಮುಗಿಸಿ ಹೊರಟ ಸಂಜೆಯೇ ಅದು ನಾಲ್ಕು ರಸ್ತೆ ಕೂಡುವಲ್ಲಿ ಹೊತ್ತಿಕೊಂಡಿತು. ಬಾನೆಟ್ ಎತ್ತಲು ಹೋದ ಬೇಕರಿಯವನ ಎರಡೂ ಕೈ ಬೆಂದು ಅವನೀಗ ಆಸ್ಪತ್ರೆಯಲ್ಲಿ. ವಿಮಾ ಕಂಪನಿಯವರು ತನಿಖೆಗೆ ಕಳಿಸಿದ್ದು ಟಾರ್ಚಕ್ಕನನ್ನು. ನಾಳೆ ಬೆಳಿಗ್ಗೆ ಅವಳು ವರದಿ ಕೊಡಬೇಕು. 'ಮೆಕ್ಯಾನಿಕ್ಕಿನ ಅಜಾಗರೂಕತೆ' ಎಂದು ಅವಳು ಬರೆದರೆ ಸಾಕು, ಪೊಲೀಸರು ಮೇಸ್ತ್ರಿಯನ್ನು ಕರೆದುಕೊಂಡು ಹೋಗುತ್ತಾರೆ, ಶೆಡ್ಡಿಗೆ ಬೀಗ ಬೀಳುತ್ತದೆ.

ಬೇರೆ ಏನು ಬರೆಯಬಹುದೆಂದು ಅವಳಿಗೂ ಹೊಳೆದಿರಲಿಲ್ಲ. ಬಿಗಿದು ಮುಗಿಸಿದ ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಹಳದಿ ಬಣ್ಣದ ಒಂದು ಗೆರೆ ಎಳೆಯುವುದು ಮೇಸ್ತ್ರಿಯ ಪದ್ಧತಿ. ಆಮೇಲೆ ಯಾರಾದರೂ ಬೋಲ್ಟನ್ನು ಕೂದಲೆಳೆಯಷ್ಟು ತಿರುಗಿಸಿದರೂ ಗೆರೆ ಮುರಿದು ಹೇಳಿಬಿಡುತ್ತದೆ. ಸುಟ್ಟ ಗಾಡಿಯಲ್ಲಿ ಆ ಗೆರೆಗಳು ಕಂದಿದ್ದವು, ಮುರಿದಿರಲಿಲ್ಲ. ಹೊರಗಿನವರು ಯಾರೂ ಕೈ ಹಾಕಿಲ್ಲ ಎಂದಾಯಿತು. ಬೋಲ್ಟುಗಳು ಸಡಿಲವಾಗಿಯೇ ಈ ಶೆಡ್ಡಿನಿಂದ ಹೊರಬಿದ್ದಿದ್ದವು.

ಆದರೆ ಈ ಮನುಷ್ಯ ಸಡಿಲ ಬಿಡುವವರಲ್ಲ. ಅಲ್ಲೇ ಅವಳ ತಲೆ ಕೆಟ್ಟಿದ್ದು.

ಮೇಸ್ತ್ರಿ ರೆಂಚಿನ ಹಿಡಿಕೆಯನ್ನು ತಿರುಗಿಸಿ ಅಂಕಿ ಕೂರಿಸಿದರು. ಕಣ್ಣಿನ ಹತ್ತಿರ ತಂದು ನೋಡಿಕೊಂಡರು. ಬಿಗಿ ಆ ಅಂಕಿಗೆ ಬಂದಾಗ ರೆಂಚ್ ಒಮ್ಮೆ 'ಟಿಕ್' ಎನ್ನುತ್ತದೆ, ಅಲ್ಲಿಗೆ ಕೈ ನಿಲ್ಲಿಸಬೇಕು. ಅಷ್ಟರಲ್ಲಿ ಅವರ ಹೆಂಡತಿ ಟೀ ಲೋಟಗಳ ತಟ್ಟೆ ಹಿಡಿದು ಬಂದರು. ತಟ್ಟೆಯನ್ನು ಒಂದು ಡಬ್ಬದ ಮೇಲಿಟ್ಟು, "ಆರಿಹೋಗುತ್ತೆ, ಕುಡೀರಿ," ಎಂದು ಟಾರ್ಚಕ್ಕನಿಗೆ ಹೇಳಿ, ಗಂಡನ ಬೆನ್ನ ಹಿಂದೆ ಹೋಗಿ ನಿಂತರು. ಸೆರಗೋ ಗುಂಡಿಯೋ ಸರಿಮಾಡಿಕೊಳ್ಳುವ ಹಾಗೆ ಸುಮ್ಮನೆ.

ರೆಂಚ್ ತಿರುಗಿತು. ಹಿಂದಕ್ಕೆ ಎಳೆದಾಗ ಅದರ ಒಳಗಿನ ಹಲ್ಲುಗಳು ಕರಕರ ಎಂದವು. ಮತ್ತೆ ಮುಂದಕ್ಕೆ. ನಿಧಾನ. ಇನ್ನೂ ನಿಧಾನ. 'ಟಿಕ್.'

ರೆಂಚ್ ಅಲ್ಲಿಗೆ ನಿಂತಿತು. ಒಪ್ಪವಾದ ಕೆಲಸ.

ಟಾರ್ಚಕ್ಕ ಮಾತ್ರ ರೆಂಚನ್ನು ನೋಡುತ್ತಿರಲಿಲ್ಲ. ಮೇಸ್ತ್ರಿಯ ಎಡಭುಜದ ಮೇಲೆ ಅವರ ಹೆಂಡತಿಯ ಎರಡು ಬೆರಳು ಚಿಟ್ಟೆಯ ಹಾಗೆ ಕೂತು ಎದ್ದದ್ದನ್ನು ನೋಡಿದಳು. ಸದ್ದಿಗೆ ಅಲ್ಲ, ಆ ಬೆರಳಿಗೆ ಮೇಸ್ತ್ರಿಯ ಕೈ ನಿಂತಿತ್ತು.

ಎರಡನೆಯ ಬೋಲ್ಟು. ಟಿಕ್. ಎರಡು ಬೆರಳು. ಕೈ ನಿಂತಿತು.

ಮೂರನೆಯದು ಮುಗಿಯುವ ಮುಂಚೆಯೇ ಟಾರ್ಚಕ್ಕ ಟೀ ಲೋಟ ಎತ್ತಿಕೊಂಡು ಹೊರಗೆ ನಡೆದಿದ್ದಳು.

*

"ಹಾಡಹಗಲಲ್ಲೂ ಟಾರ್ಚ್ ಹಿಡ್ಕೊಂಡು ಓಡಾಡೋರು ನೀವೊಬ್ರೇ ನೋಡಿ," ಎಂದ ಪಕ್ಕದ ಟಯರ್ ಅಂಗಡಿಯವನು. ಬೀದಿಗೆಲ್ಲ ಅವನು ಟಯರ್ ಮಾಮ. ಅವಳಿಗೆ ಟಾರ್ಚಕ್ಕ ಎಂದು ಹೆಸರಿಟ್ಟವನೂ ಅವನೇ. "ಏನು, ಸೂರ್ಯನ ಮೇಲೂ ಅನುಮಾನವಾ?"

"ಎಲ್ಲರ ಮೇಲೂ ಇದೆ ಮಾಮ. ನಿಮ್ಮ ಮೇಲೂ."

"ನನ್ನ ಮೇಲೆ ಅನುಮಾನ ಪಡೋಕಾದ್ರೂ ಒಬ್ಬರು ಇದ್ದಾರಲ್ಲ, ಸದ್ಯ. ಕೂತ್ಕೊಳ್ಳಿ. ಆ ಟಯರ್ ಬೇಡ, ಅದು ಗಿರಾಕೀದು. ಇದರ ಮೇಲೆ ಕೂತ್ಕೊಳ್ಳಿ. ಇದು ನನ್ನ ಹಾಗೇನೇ, ಯಾರಿಗೂ ಬೇಡದ್ದು."

ಅವಳು ಕೂತಳು. ಅಲ್ಲಿಂದ ಶೆಡ್ಡಿನ ಒಳಗೆಲ್ಲ ಕಾಣುತ್ತಿತ್ತು. ಮೇಸ್ತ್ರಿ ಈ ಕಡೆ ಬೆನ್ನು ಮಾಡಿ ರೆಂಚನ್ನು ಬಟ್ಟೆಯಲ್ಲಿ ಒರೆಸುತ್ತಿದ್ದರು.

"ಬ್ರೆಡ್ ಗಾಡಿ ರಿಪೇರಿ ಆದ ದಿನ ಅಮ್ಮ ಶೆಡ್ಡಲ್ಲೇ ಇದ್ರಾ?"

"ಎಲ್ಲಿ? ಊಟ ಆದ ಮೇಲೆ ಹಿಂದಿನ ಬಾಗಿಲಿಂದ ಹೊರಟ್ರು. ಒಳ್ಳೆ ಬಟ್ಟೆ, ಕೈಯಲ್ಲಿ ಚೀಲ. ಏನಕ್ಕಾ, ಮದುವೆಗಾ ಅಂದೆ. ಹೌದು, ನಿಂದೇ, ಬೇಗ ಸ್ನಾನ ಮಾಡು ಅಂದ್ಕೊಂಡು ಹೋದ್ರು." ಟಯರ್ ಮಾಮ ತಾನೇ ನಕ್ಕ. "ವಾಪಸ್ ಬಂದಾಗ ಗಾಡಿ ಆಗಲೇ ಹೊರಟುಹೋಗಿತ್ತು."

ಟಾರ್ಚಕ್ಕ ಟೀ ಕುಡಿಯುವುದನ್ನು ಮರೆತಳು. ಮೇಸ್ತ್ರಿಯ ಹೆಂಡತಿ ಅವಳಿಗೆ ಹೇಳಿದ್ದು ಬೇರೆ. 'ನಾನು ಇವರ ಪಕ್ಕದಲ್ಲೇ ನಿಂತಿದ್ದೆ ತಾಯಿ, ಕಣ್ಣಲ್ಲಿ ನೋಡಿದೀನಿ' ಎಂದಿದ್ದರು. ಮೇಸ್ತ್ರಿ ಹೇಳಿದ್ದು, 'ಅವಳು ಇರಲಿಲ್ಲ, ನಾನೊಬ್ಬನೇ' ಎಂದು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆಂದು ಅವಳಿಗೆ ಮೊದಲೇ ಗೊತ್ತಿತ್ತು. ಯಾರೆಂದು ಈಗ ಗೊತ್ತಾಯಿತು.

"ತಮ್ಮ ಇದ್ನಲ್ಲ, ಚಿಕ್ಕ ಮೇಸ್ತ್ರಿ?"

"ಇದ್ದ. ಆ ಮೂಲೆ ಗಾಡಿ ಅಡಿಯಲ್ಲಿ. ಇದ್ದೂ ಇಲ್ಲದ ಹಾಗೆ. ಅಣ್ಣ ತಮ್ಮ ಆ ವಾರ ಪೂರ್ತಿ ಮಾತು ಬಿಟ್ಟಿದ್ರು. ಇವನಿಗೆ ದೊಡ್ಡ ರಸ್ತೆಯಲ್ಲಿ ಹೊಸ ಶೆಡ್ ಬೇಕು. ಅಣ್ಣನಿಗೆ ಈ ಹಳೇ ಗೂಡೇ ಸಾಕು. ಇಡೀ ಬೀದಿಗೆ ಕೇಳೋ ಹಾಗೆ ಕಿತ್ತಾಡಿದ್ರು. ಅಂದ್ರೆ, ತಮ್ಮ ಕಿರುಚಿದ, ಅಣ್ಣ ನೋಡ್ತಾ ನಿಂತಿದ್ರು."

ಹೀಗೆನ್ನುತ್ತ ಟಯರ್ ಮಾಮ ಕಾಲಲ್ಲಿ ಸರಿಸಿದ ಚಕ್ರದ ಡಿಸ್ಕ್ ಒಂದು ಮೆಟ್ಟಿಲಿನಿಂದ ಉರುಳಿ ಕಲ್ಲಿನ ಮೇಲೆ ಬಿತ್ತು. ಢಣಾರ್ ಎಂದ ಸದ್ದಿಗೆ ಮಾಡಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದವು. ಎದುರು ಅಂಗಡಿಯವನು ಹೊರಗೆ ಇಣುಕಿದ. ಮೂಲೆಯ ಗಾಡಿಯ ಅಡಿಯಿಂದ ಚಿಕ್ಕ ಮೇಸ್ತ್ರಿ ಜಾರಿಕೊಂಡು ಹೊರಬಂದ.

"ಮಾಮ, ಒಂದು ದಿನ ನನ್ನ ಎದೆ ಒಡೆಸಿಯೇ ಬಿಡ್ತೀಯ ನೀನು."

ಮೇಸ್ತ್ರಿ ರೆಂಚ್ ಒರೆಸುತ್ತಲೇ ಇದ್ದರು. ಭುಜ ಅಲುಗಲಿಲ್ಲ, ಬಟ್ಟೆಯ ಲಯ ತಪ್ಪಲಿಲ್ಲ.

ಚಿಕ್ಕ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಟಾರ್ಚಕ್ಕನ ಮುಂದೆ ಬಂದು ನಿಂತ. "ಇನ್ನೂ ಎಷ್ಟು ಸಲ ಬಿಗಿಸ್ತೀರಾ ನಮ್ಮಣ್ಣನ ಕೈಲಿ? ಅವನು ಬಿಗಿದದ್ದನ್ನ ಬಿಚ್ಚೋಕೆ ನಾನೇ ಒದ್ದಾಡ್ತೀನಿ. ಸಡಿಲ ಬಿಟ್ಟ ಅಂದ್ರೆ ಯಾರು ನಂಬ್ತಾರೆ?"

"ನೀವು ಅವರ ಜೊತೆ ಮಾತಾಡಲ್ಲವಂತೆ?"

"ಮಾತಾಡಲ್ಲ. ಅದಕ್ಕೇನೀಗ? ಅಣ್ಣ ಅಣ್ಣನೇ." ಅವನು ಬಿಡಿಭಾಗದ ಅಂಗಡಿಗೆ ಹೊರಟಿದ್ದ. ಸೈಕಲ್ ತೆಗೆಯುವ ಮುಂಚೆ ಶೆಡ್ಡಿನೊಳಗೆ ಹೋಗಿ, ನಿಂತೇ ಇದ್ದ ಅಣ್ಣನ ಹಿಂದಕ್ಕೆ ಕಾಲಿನಿಂದಲೇ ಒಂದು ಸ್ಟೂಲ್ ತಳ್ಳಿದ. ಮೇಸ್ತ್ರಿ ಅವನನ್ನು ನೋಡದೆ ಅದರ ಮೇಲೆ ಕೂತರು. ಇವನೂ ಅವರನ್ನು ನೋಡದೆ ಹೊರಟುಹೋದ.

*

ಶೆಡ್ಡಿನ ಹಿಂದೆ ಒಂದು ಕೋಣೆ. ಒಂದು ಒಲೆ, ಒಂದು ಮಂಚ, ಗೋಡೆಗೆ ಮೊಳೆ, ಮೊಳೆಗೆ ಬಟ್ಟೆ. ಮೇಸ್ತ್ರಿಯ ಹೆಂಡತಿ ಬಾಗಿಲಿಗೆ ಬೆನ್ನು ಮಾಡಿ ಲೋಟ ತೊಳೆಯುತ್ತಿದ್ದರು. ಟಾರ್ಚಕ್ಕ ಮೇಸ್ತ್ರಿ ಒರೆಸಿಟ್ಟ ರೆಂಚ್ ಹಿಡಿದುಕೊಂಡೇ ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಅಮ್ಮ, ಮೇಸ್ತ್ರಿಗೆ ಕಿವಿ ಕೇಳಲ್ಲ, ಅಲ್ವಾ?"

ಲೋಟ ತೊಳೆಯುವ ಕೈ ನಿಲ್ಲಲಿಲ್ಲ. ತೊಳೆದದ್ದನ್ನೇ ಮತ್ತೆ ತೊಳೆಯಿತು.

"ಕೇಳುತ್ತೆ. ನನ್ನ ಮಾತೆಲ್ಲ ಕೇಳ್ತಾರೆ."

"ನಿಮ್ಮ ಮಾತನ್ನ ಅವರು ನೋಡ್ತಾರಮ್ಮ. ಕೇಳಲ್ಲ."

ಆಕೆ ಲೋಟವನ್ನು ಬೋರಲು ಹಾಕಿದರು. ಕೈ ಒರೆಸಿಕೊಂಡು ಮಂಚದ ಅಂಚಿಗೆ ಕೂತರು. ಟಾರ್ಚಕ್ಕ ಅವಸರ ಮಾಡಲಿಲ್ಲ. ಅವಳಿಗೆ ಬೇರೇನೂ ಬರದಿದ್ದರೂ ಕಾಯುವುದು ಬರುತ್ತಿತ್ತು.

"ಮೊದಲು ಹೋಗಿದ್ದು ಸಣ್ಣ ಸದ್ದು," ಎಂದರು ಆಕೆ. "ಗೋಡೆ ಗಡಿಯಾರ ನಿಂತುಹೋಗಿದೆ ಅಂತ ಕೀ ಕೊಟ್ರು. ಅದು ಓಡ್ತಾನೇ ಇತ್ತು. ಮಾರನೇ ದಿನ ಮತ್ತೆ ಕೊಟ್ರು. ಕೀ ಕೊಟ್ಟು ಕೊಟ್ಟು ಒಳಗಿನ ಸ್ಪ್ರಿಂಗೇ ಮುರಿದುಹೋಯ್ತು. ಆವತ್ತು ನಂಗೆ ಗೊತ್ತಾಯ್ತು."

"ರೆಂಚ್ ಟಿಕ್ ಅಂದಾಗ ಕೈಗಾದ್ರೂ ತಿಳಿಯಲ್ವಾ?"

"ದೊಡ್ಡ ಬೋಲ್ಟಿಗೆ ತಿಳಿಯುತ್ತಂತೆ. ಪೆಟ್ರೋಲ್ ಕೊಳವೇದು ಸಣ್ಣದು, ನಾಜೂಕು. ಇವರ ಬೆರಳ ತುದಿ ಜೋಮು ಹಿಡಿದುಹೋಗಿದೆ ತಾಯಿ. ಬಿಸಿ ಲೋಟ ಹಿಡಿದ್ರೂ ಗೊತ್ತಾಗಲ್ಲ. ನಾನೇ ಆರಿಸಿ ಕೊಡೋದು." ಆಕೆ ತಮ್ಮ ಬೆರಳುಗಳನ್ನೇ ನೋಡಿಕೊಂಡರು. "ದೀಪ ಹತ್ತೋ ರೆಂಚ್ ಬಂದಿದೆಯಂತೆ. ಅದನ್ನ ತಗೊಂಡ್ರೆ ಯಾಕೆ ತಗೊಂಡೆ ಅಂತ ತಮ್ಮ ಕೇಳ್ತಾನಲ್ಲ. ಕಿವಿ ಕೇಳದ ಮೆಕ್ಯಾನಿಕ್ ಹತ್ರ ಯಾರು ಗಾಡಿ ಬಿಡ್ತಾರೆ ಹೇಳು. ಎಂಜಿನ್ ಸದ್ದು ಕೇಳಿ ರೋಗ ಹೇಳೋ ಕೆಲಸ ಇದು."

"ಈ ಭುಜ ತಟ್ಟೋದು ಯಾರು ಕಂಡುಹಿಡಿದಿದ್ದು?"

ಆಕೆಯ ಮುಖದ ಮೇಲೆ ಒಂದು ಎಳೆ ನಗು ಬಂತು. "ಯಾರೂ ಇಲ್ಲ. ಒಂದಿನ ನೋಡ್ತೀನಿ, ಒಬ್ಬರೇ ಕೂತಿದಾರೆ, ಎದುರಿಗೆ ಮುರಿದ ಬೋಲ್ಟು. ಟಿಕ್ ಅಂದಿದ್ದು ಕೇಳದೆ ತಿರುಗಿಸ್ತಾನೇ ಹೋಗಿದಾರೆ. ಅವರು ಏನೂ ಹೇಳಲಿಲ್ಲ. ನಾನೂ ಏನೂ ಕೇಳಲಿಲ್ಲ. ಮಾರನೇ ದಿನ ಟೀ ಕೊಟ್ಟು ಹಿಂದೆ ನಿಂತ್ಕೊಂಡೆ. ಟಿಕ್ ಅಂತು, ತಟ್ಟಿದೆ. ನಿಲ್ಲಿಸಿದ್ರು. ಅಷ್ಟೇ. ಆ ವಿಷಯ ನಾವಿಬ್ರೂ ಇವತ್ತಿನ ತನಕ ಬಾಯಿಬಿಟ್ಟು ಮಾತಾಡಿಲ್ಲ."

"ಒಂದು ಸಲವೂ?"

"ಏನಂತ ಮಾತಾಡೋದು?"

ಟಾರ್ಚಕ್ಕ ಕೈಯಲ್ಲಿದ್ದ ರೆಂಚಿನ ತಲೆ ಹಿಡಿದು ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿದಳು. ಟಿಕ್ ಟಿಕ್ ಟಿಕ್ ಎಂದಿತು.

"ಇದೇನಾ ಆ ಸದ್ದು?"

"ಅಯ್ಯೋ, ಅದಲ್ಲ ತಾಯಿ. ಅದು ಹಲ್ಲಿನ ಸದ್ದು, ಹಿಂದಕ್ಕೆ ಎಳೆದಾಗೆಲ್ಲ ಬರುತ್ತೆ. ಬಿಗಿ ಸಾಕು ಅನ್ನೋ ಟಿಕ್ ಬೇರೆ. ಒಂದೇ ಸಲ ಬರುತ್ತೆ. ಒಳಗಿಂದ, ಕೀಲು ಮುರಿದ ಹಾಗೆ. ನಂಗೇ ಮೊದಮೊದಲು ಗೊತ್ತಾಗ್ತಿರಲಿಲ್ಲ. ಮುಂಚೆನೇ ತಟ್ಟಿಬಿಡ್ತಿದ್ದೆ, ಇವರು ಬೋಲ್ಟ್ ಅಲುಗಿಸಿ ನೋಡಿ ಮತ್ತೆ ಶುರು ಮಾಡೋರು. ಈಗ ನಿದ್ದೆಯಲ್ಲಿ ಕೇಳಿದ್ರೂ ಹೇಳ್ತೀನಿ." ಆಕೆ ಒಮ್ಮೆಗೆ ತಲೆ ತಗ್ಗಿಸಿದರು. "ಆವತ್ತು ಮಾತ್ರ ತಪ್ಪಿತು. ಮನಸ್ಸು ಎಲ್ಲೋ ಇತ್ತು. ಮೂರಕ್ಕೂ ಮುಂಚೆನೇ ತಟ್ಟಿಬಿಟ್ಟೆ. ತಪ್ಪು ನಂದು, ಇವರದ್ದಲ್ಲ. ಹಾಗೇ ಬರ್ಕೋ."

"ಒಳ್ಳೆ ಬಟ್ಟೆ ಹಾಕ್ಕೊಂಡು, ಕೈಯಲ್ಲಿ ಚೀಲ ಹಿಡ್ಕೊಂಡು ತಟ್ಟಿದ್ರಾ?"

ಆಕೆ ಮಂಚದ ಹೊದಿಕೆಯ ಮಡಿಕೆ ಸರಿಮಾಡಿದರು.

"ನೀವು ಆವತ್ತು ಶೆಡ್ಡಲ್ಲಿ ಇರಲಿಲ್ಲ ಅಮ್ಮ."

"ಆ ಟಯರಿನವನ ಬಾಯಿಗೆ ಒಂದು ಬೋಲ್ಟ್ ಬಿಗೀಬೇಕು," ಎಂದರು ಆಕೆ, ಮೆಲ್ಲಗೆ. ಆಮೇಲೆ ಕಣ್ಣೊರೆಸಿಕೊಂಡರು. "ಕಿವಿಗೆ ಇಡೋ ಮಿಷನ್ ಕೇಳೋಕೆ ಊರಾಚೆ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಅಳತೆ ಬೇಕು, ಯಜಮಾನರನ್ನೇ ಕರ್ಕೊಂಡು ಬನ್ನಿ ಅಂದ. ಹೇಗೆ ಕರ್ಕೊಂಡು ಹೋಗಲಿ? ಕಿವಿ ಕೇಳಲ್ಲ ಅನ್ನೋದನ್ನೇ ನಾವು ಮಾತಾಡಿಲ್ಲ. ಇವರಿಗೆ ಕೋಣೆಯಲ್ಲೇ ಇರ್ತೀನಿ ಅಂತ ಹೇಳಿ ಹಿಂದಿನ ಬಾಗಿಲಿಂದ ಹೋದೆ. ಬರೋಷ್ಟರಲ್ಲಿ ಒಬ್ಬರೇ ಬಿಗಿದು ಮುಗಿಸಿಬಿಟ್ಟಿದಾರೆ. ಅವರ ಕಿವಿ ನಾನು. ಕಿವಿಯೇ ಎದ್ದು ಹೋದ್ರೆ ಅವರದ್ದೇನು ತಪ್ಪು?"

ಟಾರ್ಚಕ್ಕ ಆಕೆಯ ಪಕ್ಕ ಕೂತಳು. ಏನೋ ಒಂದು ಕೂಡುತ್ತಿರಲಿಲ್ಲ. ಸದ್ದು ಕೇಳದೆ ಒಬ್ಬರೇ ಬಿಗಿದರೆ ಬೋಲ್ಟು ಹೆಚ್ಚು ಬಿಗಿಯಾಗಿ ಮುರಿಯಬೇಕಿತ್ತು, ಹಿಂದೆ ಮುರಿದ ಹಾಗೆ. ಇವು ಸಡಿಲ ಉಳಿದಿವೆ. ಮೂರೂ. ನಿಲ್ಲಿಸು ಎಂದು ಯಾರೋ ಹೇಳಿದ ಹಾಗೆ.

ಬಾಗಿಲು ತೆರೆಯಿತು. ಮೇಸ್ತ್ರಿ ನಿಂತಿದ್ದರು. ಹೆಂಡತಿಯ ಒದ್ದೆ ಕೆನ್ನೆ ನೋಡಿದರು, ಟಾರ್ಚಕ್ಕನ ಕೈಯಲ್ಲಿದ್ದ ರೆಂಚ್ ನೋಡಿದರು.

"ಇವಳನ್ನ ಯಾಕಮ್ಮ ಅಳಿಸ್ತೀಯಾ?" ಎಂದರು. ಅವರ ದನಿ ಕೋಣೆಗೆ ಸ್ವಲ್ಪ ಜಾಸ್ತಿಯೇ ದೊಡ್ಡದಾಗಿತ್ತು. "ನಾನು ಹೇಳಿದೀನಲ್ಲ, ಇವಳು ಆವತ್ತು ಶೆಡ್ಡಲ್ಲೇ ಇರಲಿಲ್ಲ. ಬಿಗಿದೋನು ನಾನು. ವಯಸ್ಸಾಯ್ತು, ಕೈ ತಪ್ಪಿತು. ಬರ್ಕೊಂಡು ಹೊರಡು."

ಹೆಂಡತಿ ಎದ್ದು ಅವರ ಎದುರಿಗೆ ನಿಂತರು. ಬೆಳಕು ತಮ್ಮ ಮುಖದ ಮೇಲೆ ಬೀಳುವ ಹಾಗೆ ಒಂಚೂರು ತಿರುಗಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು.

"ಎಲ್ಲಾ ಹೇಳಿಬಿಟ್ಟೆ ರೀ. ಕಿವಿ ವಿಷಯ. ಭುಜದ ವಿಷಯ. ನಾನು ಇರಲಿಲ್ಲ ಅನ್ನೋದೂ."

ಮೇಸ್ತ್ರಿಯ ಮುಖದಲ್ಲಿ ನಾಚಿಕೆ ಬಂತು, ಹೋಯಿತು. ಆಮೇಲೆ ಬಂದದ್ದು ಬೇರೆ. ಪ್ರೀತಿಯ ಮೂರ್ಖತನವನ್ನು ಕಂಡಾಗ ದೊಡ್ಡವರ ಮುಖದಲ್ಲಿ ಬರುವಂಥ ನಗು.

"ನೀನು ಇರಲಿಲ್ಲ ಅನ್ನೋದು ನಾನು ಕಟ್ಟಿದ ಕಥೆ ಕಣೇ. ನಿನ್ನನ್ನ ಪೊಲೀಸಿನೋರು ಕರೀಬಾರದು ಅಂತ. ಅದನ್ನೇ ನಂಗೆ ತಿರುಗಿಸಿ ಹೇಳ್ತೀಯಲ್ಲ."

"ನಿಜವಾಗ್ಲೂ ಇರಲಿಲ್ಲ ರೀ."

"ಇದ್ದೆ ಬಿಡೇ. ಮೂರು ಸಲವೂ ತಟ್ಟಿದೆ. ಸ್ವಲ್ಪ ಬೇಗ ಆಯ್ತಲ್ಲ ಅನ್ನಿಸ್ತು. ಆದ್ರೆ ನೀನು ತಟ್ಟಿದ ಮೇಲೆ ನಾನು ಯಾಕೆ ಅಲುಗಿಸಿ ನೋಡಲಿ? ಈಚೆಗೆ ಒಂದು ಸಲವೂ ತಪ್ಪಿಲ್ಲ ನೀನು."

ಟಾರ್ಚಕ್ಕ ಎದ್ದು ಬಂದು, ಅವರಿಗೆ ಕಾಣುವ ಹಾಗೆ ನಿಂತಳು.

"ಅವರು ಊರಾಚೆ ಅಂಗಡಿಯಲ್ಲಿದ್ರು ಮೇಸ್ತ್ರಿ. ಹೋಗಿದ್ದನ್ನ ಕಂಡೋರಿದ್ದಾರೆ. ನಿಮ್ಮ ಭುಜ ತಟ್ಟಿದೋರು ಅವರಲ್ಲ."

ಮೇಸ್ತ್ರಿ ಹೆಂಡತಿಯ ಮುಖ ನೋಡಿದರು. ಆಕೆ ಹೌದೆಂದು ತಲೆಯಾಡಿಸಿದರು. ಅವರ ಕೈ ತಾನಾಗಿ ಎಡಭುಜಕ್ಕೆ ಹೋಯಿತು. ಅಲ್ಲಿ ಹುಳು ಕೂತ ಹಾಗೆ ಒರೆಸಿಕೊಂಡರು.

"ರೆಂಚ್ ಕೈಗೆ ತಗೊಂಡು ಕಾಯ್ತಾ ಕೂತಿದ್ದೆ," ಎಂದರು. "ಹಿಂದೆ ನೆರಳು ಬಂತು. ಬಂದಳು ಅಂದ್ಕೊಂಡು ಶುರು ಮಾಡಿದೆ."

"ತಿರುಗಿ ನೋಡಲಿಲ್ವಾ?"

"ಇಷ್ಟು ವರ್ಷದಲ್ಲಿ ಒಂದು ಸಲವೂ ತಿರುಗಿ ನೋಡಿಲ್ಲಮ್ಮ. ನೋಡಿದ್ರೆ ಇವಳಿಗೆ, ನನ್ನ ಮೇಲೆ ನಂಬಿಕೆ ಇಲ್ಲ ಅನ್ನಿಸಲ್ವಾ?"

ಟಾರ್ಚಕ್ಕ ತಡಮಾಡಲಿಲ್ಲ. "ಆವತ್ತು ಯಾವ ಶರ್ಟ್ ಹಾಕಿದ್ರಿ?"

ಉತ್ತರ ಹೆಂಡತಿಯಿಂದ ಬಂತು. ಆಕೆಯ ಕಣ್ಣು ಗೋಡೆಯ ಮೊಳೆಯ ಕಡೆ ಹೋಗಿತ್ತು. "ಅದೇ ಅಲ್ಲಿದೆಯಲ್ಲ, ನೀಲಿದು. ಬೆಂಕಿ ಸುದ್ದಿ ಬಂದಾಗ ತೆಗೆದು ಹಾಕಿದ್ದು. ಮತ್ತೆ ಮುಟ್ಟಿ ಒಗೆಯೋ ಮನಸ್ಸೇ ಬರಲಿಲ್ಲ."

ಶರ್ಟನ್ನು ಮಂಚದ ಮೇಲೆ ಹರಡಿದರು. ಟಾರ್ಚ್ ಹೊತ್ತಿತು. ಎದೆಯ ತುಂಬ ಗ್ರೀಸು, ತೋಳಿನ ತುಂಬ ಎಣ್ಣೆ. ಎಡಭುಜದ ಹೊಲಿಗೆಯ ಹತ್ತಿರ ಬೆಳಕು ನಿಂತಿತು. ಎಣ್ಣೆ ಕುಡಿದ ಬಟ್ಟೆಯಲ್ಲಿ ಎರಡು ಬಿಳಿ ಗುರುತು. ಒಂದರ ಪಕ್ಕ ಒಂದು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಒತ್ತಿದ್ದರಿಂದ ಅಂಚು ಮಸುಕಾಗಿತ್ತು.

"ಸುಣ್ಣವಾ?" ಎಂದರು ಆಕೆ.

ಟಾರ್ಚಕ್ಕ ಬೆರಳನ್ನು ಒದ್ದೆ ಮಾಡಿಕೊಂಡು ಗುರುತಿನ ಮೇಲಿಟ್ಟಳು. ಎರಡು ಬೆರಳ ನಡುವೆ ಉಜ್ಜಿದಳು. ಸುಣ್ಣವಾಗಿದ್ದರೆ ಅಂಟುತ್ತಿರಲಿಲ್ಲ. ಇದು ಅಂಟಾಯಿತು. ಮೂಗಿನ ಹತ್ತಿರ ತಂದಳು.

"ಹಿಟ್ಟು," ಎಂದಳು.

ಬೀದಿಯಲ್ಲಿ ಕೈಗೆ ಹಿಟ್ಟು ಮೆತ್ತಿಕೊಂಡು ಓಡಾಡುವವನು ಒಬ್ಬನೇ. ಗಾಡಿ ಬಿಟ್ಟಾಗೆಲ್ಲ ಇದೇ ಶೆಡ್ಡಿನ ಮೂಲೆಯಲ್ಲಿ ಕೂತು ಹರಟುವವನು, ಬರುವಾಗ ಬಿಸಿ ಬ್ರೆಡ್ ತರುವವನು, ಮೇಸ್ತ್ರಿಯನ್ನು 'ಅಣ್ಣ' ಎಂದೂ ಆಕೆಯನ್ನು 'ಅತ್ತಿಗೆ' ಎಂದೂ ಕರೆಯುವವನು. ಆ ಮೂಲೆಯಿಂದ ಎಷ್ಟು ವರ್ಷ ಅವನು ಆ ಎರಡು ಬೆರಳನ್ನು ನೋಡಿರಬೇಡ. ಯಾರಿಗೂ ಹೇಳದೆ, ಅವರಿಗೂ ಹೇಳದೆ. ಆ ದಿನ ಅತ್ತಿಗೆ ಇಲ್ಲ, ಅಣ್ಣ ರೆಂಚ್ ಹಿಡಿದು ಕಾಯುತ್ತಿದ್ದಾರೆ. ಪಾಪ, ತಾನೇ ಎದ್ದು ಹೋಗಿ ನಿಂತಿದ್ದಾನೆ. ರೆಂಚಿನ ಹಲ್ಲು ಟಿಕ್ ಎಂದಿದೆ, ತಟ್ಟಿದ್ದಾನೆ. ಎರಡು ಟಿಕ್ ಬೇರೆ ಬೇರೆ ಎಂದು ಅವನಿಗೆ ಯಾರು ಹೇಳಿಕೊಟ್ಟಿದ್ದರು?

ಆ ಎರಡು ಬೆರಳು ಈಗ ಆಸ್ಪತ್ರೆಯ ಹಾಸಿಗೆಯ ಮೇಲೆ, ಬ್ಯಾಂಡೇಜಿನ ಒಳಗೆ.

ಟಾರ್ಚಕ್ಕ ಇದನ್ನೆಲ್ಲ ಅವರಿಬ್ಬರಿಗೂ ನಿಧಾನವಾಗಿ ಹೇಳಿದಳು. ಹೆಂಡತಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೇಳಿದರು. ಮೇಸ್ತ್ರಿ ಕೊನೆಯವರೆಗೂ ಅವಳ ತುಟಿಯ ಮೇಲೆ ಕಣ್ಣಿಟ್ಟಿದ್ದು, ಆಮೇಲೆ ಮಂಚದ ಮೇಲೆ ಕುಸಿದು ಕೂತರು.

"ಆದ್ರೆ ಅವನು ನನ್ನ ಹತ್ರ ಬೇರೆ ಹೇಳಿದಾನೆ," ಎಂದಳು ಟಾರ್ಚಕ್ಕ. "ಗಾಡಿ ಬಿಟ್ಟು ಬೇಕರಿಗೆ ಹೋದೆ, ಸಂಜೆ ಬಂದು ತಗೊಂಡೆ ಅಂತ. ಯಾಕೆ ಸುಳ್ಳು ಹೇಳಿದ ಗೊತ್ತಿಲ್ಲ. ಹೋಗಿ ಕೇಳ್ತೀನಿ."

"ಬೇಡ," ಎಂದರು ಮೇಸ್ತ್ರಿ.

"ಮೇಸ್ತ್ರಿ, ಇದನ್ನ ಬರೆದ್ರೆ ನೀವು ಉಳೀತೀರ."

"ಬರೆದ್ರೆ ಅವನಿಗೂ ಗೊತ್ತಾಗುತ್ತೆ, ತನ್ನ ಕೈ ಸುಟ್ಟಿದ್ದು ತನ್ನ ಕೈಯೇ ಅಂತ. ಗಾಯ ಮಾಯುತ್ತೆ. ಅದು ಮಾಯಲ್ಲ." ಅವರು ಶರ್ಟನ್ನು ಹತ್ತಿರ ಎಳೆದುಕೊಂಡು ಆ ಬಿಳಿ ಗುರುತಿನ ಮೇಲೆ ಅಂಗೈ ಇಟ್ಟರು. "ನಂಗೆ ಸಹಾಯ ಮಾಡೋಕೆ ಬಂದೋನು ಅವನು. ನೀನು ನನ್ನ ಹೆಸರೇ ಬರ್ಕೋ ಮಗಳೇ. ಹೇಗೂ ಕಿವಿ ಹೋಗಿದೆ. ಇನ್ನೆಷ್ಟು ದಿನ ಇವಳನ್ನ ಬೆನ್ನ ಹಿಂದೆ ನಿಲ್ಲಿಸ್ಕೊಳ್ಳಲಿ?"

ಕಿವಿ ಹೋಗಿದೆ. ಇಷ್ಟು ವರ್ಷ ಆ ಮನೆಯಲ್ಲಿ ಯಾರೂ ಆಡದ ಮಾತನ್ನು ಅವರು ಎಷ್ಟು ಸಲೀಸಾಗಿ ಆಡಿಬಿಟ್ಟರು. ಹೆಂಡತಿ ಅವರ ಪಾದದ ಹತ್ತಿರ ನೆಲದ ಮೇಲೆ ಕೂತು, ಅವರ ಜೋಮು ಹಿಡಿದ ಬೆರಳುಗಳನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. "ನಿಂತ್ಕೊಳ್ಳೋಕೆ ನಂಗೇನು ಕಾಲು ನೋವಿಲ್ಲ ಬಿಡಿ," ಎಂದರು.

ಟಾರ್ಚಕ್ಕ ಮುಖ ಆಚೆ ತಿರುಗಿಸಿದಳು. ನಾಳೆ ಬೆಳಿಗ್ಗೆ ವರದಿಯಲ್ಲಿ ಏನು ಬರೆಯುವುದು? ನಿಜ ಬರೆದರೆ ಸುಟ್ಟ ಮನುಷ್ಯನನ್ನು ಇನ್ನೊಮ್ಮೆ ಸುಟ್ಟ ಹಾಗೆ. ಸುಳ್ಳು ಬರೆದರೆ ಈ ಮುದುಕ ಜೈಲಿಗೆ.

ಅಂಗಳದಲ್ಲಿ ಚಪ್ಪಲಿಯ ಸದ್ದು. ಟಯರ್ ಮಾಮ ಏದುಸಿರು ಬಿಡುತ್ತ ಬಾಗಿಲಲ್ಲಿ ಬಂದು ನಿಂತ. ಮೇಸ್ತ್ರಿ ಅವನಿಗೆ ಬೆನ್ನು ಮಾಡಿ ಕೂತಿದ್ದರು. ಅವನು ಬಂದದ್ದು ಅವರಿಗೆ ತಿಳಿಯಲಿಲ್ಲ.

"ಚಿಕ್ಕ ಮೇಸ್ತ್ರೀನ ಪೊಲೀಸಿನೋರು ಕರ್ಕೊಂಡು ಹೋದ್ರು," ಎಂದ. ಅವನ ಮಾತಿನಲ್ಲಿ ಈಗ ತಮಾಷೆ ಇರಲಿಲ್ಲ. "ಬಿಡಿಭಾಗದ ಅಂಗಡಿ ಮುಂದೆನೇ ಜೀಪಿಗೆ ಹತ್ತಿಸಿದ್ರು. ಸೈಕಲ್ ಅಲ್ಲೇ ಬಿದ್ದಿದೆ."

"ಯಾಕೆ?" ಟಾರ್ಚಕ್ಕನಿಗೆ ತನ್ನ ದನಿ ತನಗೇ ದೂರದ್ದಾಗಿ ಕೇಳಿಸಿತು. "ಅವನೇನು ಮಾಡಿದಾನೆ?"

"ಬೇಕರಿಯವನು ಮಧ್ಯಾಹ್ನ ಹೊಸ ಹೇಳಿಕೆ ಕೊಟ್ಟಿದಾನಂತೆ. ಅಣ್ಣ ಸರಿಯಾಗೇ ಬಿಗಿದಿದ್ರು, ಗೆರೆ ಎಳೆಯೋ ಬಣ್ಣ ತರೋಕೆ ಆ ಕಡೆ ಹೋದಾಗ ತಮ್ಮ ಬಂದು ಮೂರೂ ಬೋಲ್ಟು ಸಡಿಲ ಮಾಡಿದ, ನಾನು ಹಿಂದೆನೇ ನಿಂತು ಕಣ್ಣಾರೆ ಕಂಡೆ ಅಂತ. ಆ ಜಗಳ ಹೇಗೂ ಇಡೀ ಬೀದಿಗೇ ಗೊತ್ತಲ್ಲ."

ಅಂದರೆ ಬೇಕರಿಯವನಿಗೆ ಗೊತ್ತಿತ್ತು, ಬೋಲ್ಟುಗಳು ಸಡಿಲ ಉಳಿದದ್ದು ತಾನು ತಟ್ಟಿದ್ದರಿಂದಲೇ ಎಂದು. ಅಣ್ಣನನ್ನು ಉಳಿಸಲು ಅವನು ಆರಿಸಿಕೊಂಡದ್ದು ತನ್ನ ಕೈಯನ್ನಲ್ಲ, ಅಣ್ಣನ ತಮ್ಮನನ್ನು.

ಮೇಸ್ತ್ರಿ ಟಾರ್ಚಕ್ಕನ ಮುಖ ಬಿಳಿಚಿದ್ದನ್ನು ಕಂಡರು. ಏನೋ ನಡೆಯಿತೆಂದು ಅರ್ಥವಾಯಿತು. ಎಂದಿನ ಹಾಗೆ ಹೆಂಡತಿಯ ಕಡೆ ತಿರುಗಿ, ಆಕೆಯ ತುಟಿಯ ಮೇಲೆ ಕಣ್ಣಿಟ್ಟು ಕೇಳಿದರು.

"ಏನಂತೆ?"

ಆಕೆ ಮಾತಾಡಲು ಬಾಯಿ ತೆರೆದರು. ತೆರೆದ ಬಾಯನ್ನು ಗಂಡನ ಮೊಣಕಾಲಿಗೆ ಒತ್ತಿ, ಅವರಿಗೆ ಕಾಣದ ಹಾಗೆ ಮುಖ ಮುಚ್ಚಿಕೊಂಡರು.

"ಏನಂತೆ ಕಣೇ?" ಎಂದು ಮೇಸ್ತ್ರಿ ಮತ್ತೆ ಕೇಳಿದರು.